ಲಗ್ನ: ಮೂಡಣದಂಚಿನ ರಾಶಿ

ಮದುವೆಯ ಕರೆಯೋಲೆಯನ್ನು ನಾವು ಲಗ್ನಪತ್ರಿಕೆ ಎನ್ನುತ್ತೇವೆ. ‘ಮಿಥುನ ಲಗ್ನದ ಶುಭ ಮುಹೂರ್ತದಲ್ಲಿ’ ಎಂಬ ಸಾಲು ಅದರಲ್ಲಿರುತ್ತದೆ. ಮದುವೆಗೇ ತನ್ನ ಹೆಸರು ಕೊಟ್ಟ ಈ ಲಗ್ನ ಎಂದರೇನು?

ಸಂಸ್ಕೃತದಲ್ಲಿ ಲಗ್ನ ಎಂದರೆ ತಾಗಿಕೊಂಡದ್ದು. ಒಂದು ಕ್ಷಣದಲ್ಲಿ ಪೂರ್ವ ದಿಗಂತಕ್ಕೆ ತಾಗಿ ಮೇಲೇಳುತ್ತಿರುವ ರಾಶಿಯೇ ಆ ಕ್ಷಣದ ಲಗ್ನ. ಸೂರ್ಯೋದಯದಲ್ಲಿ ಸೂರ್ಯನಿರುವ ರಾಶಿಯೇ ಲಗ್ನ. ಆಮೇಲೆ ಒಂದೊಂದಾಗಿ ಉಳಿದವು ಮೂಡುತ್ತವೆ. ದಿನಕ್ಕೆ ಹನ್ನೆರಡು ರಾಶಿ. ಒಂದೊಂದಕ್ಕೆ ಹೆಚ್ಚು ಕಡಿಮೆ ಎರಡು ಗಂಟೆ, ಹಳೆಯ ಲೆಕ್ಕದಲ್ಲಿ ಐದು ಘಳಿಗೆ.

ಚಂದ್ರನಿಂದ ಎಣಿಸುವ ಜನ್ಮರಾಶಿ ಸುಮಾರು ಎರಡೂಕಾಲು ದಿನ ಬದಲಾಗುವುದಿಲ್ಲ. ಲಗ್ನವಾದರೋ ಹುಟ್ಟಿದ ಊರಿಗೂ ಘಳಿಗೆಗೂ ಕಟ್ಟುಬಿದ್ದದ್ದು. ಜಾತಕದಲ್ಲಿ ಅದೇ ಮೊದಲ ಮನೆ. ಧನ, ಸಂತಾನ, ಕಳತ್ರ ಮುಂತಾದ ಮನೆಗಳನ್ನು ಅಲ್ಲಿಂದಲೇ ಎಣಿಸಬೇಕು. ಲಗ್ನ ತಪ್ಪಿದರೆ ಎಲ್ಲ ಮನೆಗಳೂ ಜರುಗುತ್ತವೆ.

ಕನ್ನಡಕ್ಕೆ ಈ ವಿದ್ಯೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ, 1049ರಲ್ಲಿ, ಶ್ರೀಧರಾಚಾರ್ಯ ‘ಜಾತಕತಿಲಕ’ವನ್ನು ರಚಿಸಿದ. ಕನ್ನಡದ ಮೊದಲ ಜ್ಯೋತಿಷ ಗ್ರಂಥವೆಂದು ಅದು ಹೆಸರಾಗಿದೆ. ಹಿಂದೆ ಹೊತ್ತು ಅಳೆಯಲು ಘಳಿಗೆ ಬಟ್ಟಲಿತ್ತು. ನೀರಿನಲ್ಲಿ ತೇಲಿಬಿಟ್ಟ, ತಳದಲ್ಲಿ ಸಣ್ಣ ತೂತಿನ ಆ ಬಟ್ಟಲು ಮುಳುಗಿದರೆ ಒಂದು ಘಳಿಗೆ, ಅಂದರೆ 24 ನಿಮಿಷ.

ಗಡಿಯಾರ ಬಂದ ಮೇಲೆ ಲೆಕ್ಕ ಸುಲಭವಾಗಬೇಕಿತ್ತು. ಆದರೆ 1906ರಿಂದ ದೇಶಕ್ಕೆಲ್ಲ ಒಂದೇ ಸಮಯ ಬಂತು. ಅದರ ಆಧಾರ 82.5 ಡಿಗ್ರಿ ಪೂರ್ವ ರೇಖಾಂಶ. ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿ ಇರುವುದು 76 ಡಿಗ್ರಿಯ ಆಸುಪಾಸಿನಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಆ ಊರಿನ ಸ್ವಂತ ಸಮಯ ಗಡಿಯಾರಕ್ಕಿಂತ ಸುಮಾರು 26 ನಿಮಿಷ ಹಿಂದೆ. ಈ ಒಂದು ಘಳಿಗೆಯನ್ನು ಕಳೆಯಲು ಮರೆತರೆ, ಅಲ್ಲಿ ಹುಟ್ಟಿದ ಐವರಲ್ಲಿ ಒಬ್ಬರ ಲಗ್ನವಾದರೂ ತಪ್ಪೀತು. ಯುದ್ಧಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಿಡಲಾಗಿತ್ತು. ಆಗ ಹುಟ್ಟಿದವರ ಜಾತಕಕ್ಕೆ ಇದನ್ನೂ ಕಳೆಯಬೇಕು.

ಇನ್ನು ಹಳ್ಳಿಯ ಹೆರಿಗೆಗಳ ಮಾತು. ‘ಕೋಳಿ ಕೂಗಿತ್ತು’, ‘ದನ ಕೊಟ್ಟಿಗೆಗೆ ಬಂದಿದ್ದವು’ ಎಂಬ ನೆನಪೇ ಅಲ್ಲಿ ಜನನಕಾಲ. ಅಷ್ಟು ಅಂದಾಜಿನಲ್ಲಿ ಎರಡು ಲಗ್ನಗಳಾದರೂ ಹೊಕ್ಕಾವು.

ಯಾವ ರಾಶಿ ಮೂಡುತ್ತಿದೆ ಎಂಬುದು ಖಗೋಳದ ಗಣಿತ. ಅದಕ್ಕೆ ಹೇಳುವ ಫಲ ನಂಬಿಕೆಯ ಮಾತು. ಆದರೆ ಆ ನಂಬಿಕೆಯ ಭಾರ ಹೊರುವವರು ಮನುಷ್ಯರು. ಲಗ್ನದಿಂದ ಏಳನೆಯ ಅಥವಾ ಎಂಟನೆಯ ಮನೆಯಲ್ಲಿ ಕುಜನಿದ್ದರೆ ದೋಷವೆನ್ನುತ್ತಾರೆ. ಅದೇ ಕಾರಣಕ್ಕೆ ಸಂಬಂಧ ಮುರಿಯುವುದುಂಟು. ಹುಡುಗಿಯ ಜಾತಕ ಮುಚ್ಚಿ ವಾಪಸು ಕೊಡುವ ಮೊದಲು, ಆ ಹೊತ್ತನ್ನು ಬರೆದುಕೊಂಡವರು ಯಾರು, ಯಾವ ಗಡಿಯಾರ ನೋಡಿ ಎಂದಾದರೂ ಕೇಳಬೇಕು.