ಫೀವರ್ ಕ್ಲಿನಿಕ್
ಸಾಂಕ್ರಾಮಿಕದ ಕಾಲದಲ್ಲಿ ಜ್ವರ, ಕೆಮ್ಮು, ಉಸಿರಾಟದ ತೊಂದರೆಯವರನ್ನು ಉಳಿದ ರೋಗಿಗಳಿಂದ ಬೇರ್ಪಡಿಸಿ ನೋಡುವ ಹೊರರೋಗಿ ವ್ಯವಸ್ಥೆ. ಕರ್ನಾಟಕದಲ್ಲಿ 2020ರ ಕೋವಿಡ್ ವೇಳೆ ಇದು ಬಳಕೆಗೆ ಬಂತು. ಗೇಟಿನಲ್ಲೇ ಥರ್ಮಲ್ ಗನ್, ಬೇರೆ ಚೀಟಿ, ಬೇರೆ ದಾರಿ, ಕಿಟಕಿ ತೆರೆದಿಟ್ಟ ಕೋಣೆ: ಏರ್ಪಾಡು ಇಷ್ಟೇ. ಒಬ್ಬರೇ ವೈದ್ಯರಿರುವ ಕಡೆ ಇದು ಆಗದ ಮಾತು ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಕೋಣೆ ಸಾಲದಿದ್ದರೆ ವೇಳೆಯನ್ನಾದರೂ ಹಂಚಬಹುದು.

ಕ್ಲಿನಿಕ್ಕಿನ ನಿಜವಾದ ಪರೀಕ್ಷೆ ಕೋವಿಡ್ ಅಲ್ಲದ ರೋಗಿ ಆಸ್ಪತ್ರೆಗೆ ಬರುವನೇ ಎಂಬುದು. ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯ ಪ್ರಕರಣಗಳು ದಾಖಲಾಗಿದ್ದವು. 2020ರಲ್ಲಿ ಸುಮಾರು 18 ಲಕ್ಷ. ಮಾಸ್ಕಿನಿಂದ ಕ್ಷಯವೇ ಇಳಿಯಿತೆಂದು ವಾದಿಸುವವರಿದ್ದಾರೆ. ಆದರೆ ಸೋಂಕು ತಗುಲಿ ಕಾಯಿಲೆ ಕಾಣಿಸಿಕೊಳ್ಳಲು ತಿಂಗಳುಗಳು, ಎಷ್ಟೋ ಸಲ ವರ್ಷಗಳೇ ಬೇಕು. ಅದೇ ವರ್ಷದ ಈ ಕುಸಿತಕ್ಕೆ ಮಾಸ್ಕ್ ಕಾರಣವಾಗಲಾರದು. 2021ರಲ್ಲಿ ಸಂಖ್ಯೆ 21 ಲಕ್ಷ ದಾಟಿತು. ರೋಗ ಕಡಿಮೆಯಾಗಿರಲಿಲ್ಲ, ರೋಗಿ ಆಸ್ಪತ್ರೆಗೆ ಬಂದಿರಲಿಲ್ಲ.

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದಂಥ ಊರಿಗೆ ರೋಗಿ ಬಾರದಿರುವ ಈ ತೊಂದರೆ ಹೆಚ್ಚು ಅನ್ವಯಿಸುತ್ತದೆ. ಬಸ್ಸು ನಿಂತರೆ ಇಲ್ಲಿಂದ ಲಿಂಗಸುಗೂರೂ ದೂರ, ರಾಯಚೂರು ಮತ್ತೂ ದೂರ. ಫೋನಿನಲ್ಲೇ ಸಲಹೆ ಕೊಡಬಹುದಲ್ಲ? 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ, ಬಳಿಕ ಬಂದ ಇ-ಸಂಜೀವನಿ ಒಪಿಡಿ ಸೇವೆ ಅದಕ್ಕೆ ದಾರಿ ಮಾಡಿದವು. ಹಳೆಯ ಗುಳಿಗೆ ಮುಂದುವರಿಸಲು ಅದು ಸಾಕು. ಬಸುರಿಯ ಹೊಟ್ಟೆ ಮುಟ್ಟಿ ನೋಡಲು, ಬಿಪಿ ಅಳೆಯಲು ಆರೋಗ್ಯ ಸಹಾಯಕಿ ಎಎನ್‌ಎಂ ಮನೆಬಾಗಿಲಿಗೇ ಹೋಗಬೇಕು. ಬಿಪಿ, ಸಕ್ಕರೆ ಕಾಯಿಲೆಯವರಿಗೆ ಒಮ್ಮೆಗೇ ಎರಡು-ಮೂರು ತಿಂಗಳ ಗುಳಿಗೆ ಕೊಟ್ಟುಬಿಟ್ಟರೆ ಸರದಿಯೂ ಕರಗುತ್ತದೆ.