ರೋಮ್‌ನ ಒಂದು ಲೀಜನ್‌ನಲ್ಲಿ ನಿಜಕ್ಕೂ ಆರು ಸಾವಿರ ಸೈನಿಕರಿದ್ದರೇ?

ರೋಮ್ ಸಾಮ್ರಾಜ್ಯ ಹೇಗೆ ಬಿತ್ತು ಎಂದು ಹೇಳುವ ಫಾರ್ವರ್ಡ್‌ಗಳಲ್ಲಿ ಇಂಥದ್ದೊಂದು ಲೆಕ್ಕ ಇರುತ್ತದೆ: ಒಂದು ಲೀಜನ್ ಅಂದರೆ ಆರು ಸಾವಿರ ಸೈನಿಕರು. ಕೊನೆಗಾಲದಲ್ಲಿ ರೋಮ್ ಬಳಿ 170ಕ್ಕೂ ಹೆಚ್ಚು ಲೀಜನ್‌ಗಳಿದ್ದವು. ಅಂದರೆ ಹತ್ತು ಲಕ್ಷ ಮೀರಿದ ಸೇನೆ! ಇಷ್ಟಿದ್ದೂ ಸೋತರೆಂದರೆ ಸೈನಿಕರು ಸೋಮಾರಿಗಳಾಗಿದ್ದರು ಎಂಬ ತೀರ್ಮಾನವೂ ಅದರ ಹಿಂದೆಯೇ ಬರುತ್ತದೆ.

ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಗುಣಿಸಿದ ಎರಡು ಸಂಖ್ಯೆಗಳು ಬೇರೆ ಬೇರೆ ಕಾಲದವು.

ಆರು ಸಾವಿರ ಎಂಬ ಅಂಕಿಯ ಮೂಲ ವೆಗೇಟಿಯಸ್ ಎಂಬ ಲ್ಯಾಟಿನ್ ಲೇಖಕ. ನಾಲ್ಕನೇ ಶತಮಾನದ ಕೊನೆಗೋ ಅದರ ನಂತರವೋ ಬರೆದ ಯುದ್ಧಶಾಸ್ತ್ರದ ಪುಸ್ತಕದಲ್ಲಿ ಆತ ಒಂದು ಲೀಜನ್‌ಗೆ 6,100 ಕಾಲಾಳು, 730 ಕುದುರೆ ಸವಾರರು ಎನ್ನುತ್ತಾನೆ. ಆದರೆ ಅದನ್ನು ಆತನೇ 'ಹಳೆಯ ಲೀಜನ್' ಎಂದು ಕರೆದಿದ್ದಾನೆ. ನಮ್ಮ ಹಿರಿಯರ ಕಾಲದಂತೆ ಸೇನೆ ಮತ್ತೆ ಬಲವಾಗಲಿ ಎಂದು ಚಕ್ರವರ್ತಿಗೆ ಸಲಹೆ ಕೊಡುವುದು ಆತನ ಉದ್ದೇಶ. ತನ್ನ ಕಾಲದ ತಲೆಲೆಕ್ಕ ಕೊಡುವುದಲ್ಲ.

ಆ ಹಳೆಯ ಕಾಲದಲ್ಲೂ ಲೆಕ್ಕ ಸ್ವಲ್ಪ ಬೇರೆಯೇ ಇತ್ತು. ಮೊದಲೆರಡು ಶತಮಾನಗಳಲ್ಲಿ ಒಂದು 'ಸೆಂಚುರಿ'ಯಲ್ಲಿ ಇದ್ದವರು ಸುಮಾರು 80 ಜನ. ಹೆಸರಿನಲ್ಲಿ ನೂರು ಇದೆ, ಸಾಲಿನಲ್ಲಿ ಇಲ್ಲ. ಇಂಥ ಆರು ಸೆಂಚುರಿ ಸೇರಿದರೆ 480 ಜನರ ಒಂದು ಕೊಹಾರ್ಟ್, ಹತ್ತು ಕೊಹಾರ್ಟ್ ಸೇರಿದರೆ ಒಂದು ಲೀಜನ್. ಒಟ್ಟು ಐದು ಸಾವಿರದಿಂದ ಐದೂವರೆ ಸಾವಿರ.

170ರ ಅಂಕಿ ಬಂದಿರುವುದು 'ನೊಟಿಶಿಯಾ ಡಿಗ್ನಿಟಾಟಮ್' ಎಂಬ ಸರ್ಕಾರಿ ಪಟ್ಟಿಯಿಂದ. ಸಾಮ್ರಾಜ್ಯದ ಅಧಿಕಾರಿಗಳನ್ನೂ ಅವರ ಕೈಕೆಳಗಿನ ತುಕಡಿಗಳನ್ನೂ ಹೆಸರಿಸುವ ಈ ದಾಖಲೆ ಸುಮಾರು ಕ್ರಿ.ಶ. 400ರ ಆಸುಪಾಸಿನದು. ಹೆಸರುಗಳಿವೆ, ಆದರೆ ಯಾವ ತುಕಡಿಯಲ್ಲಿ ಎಷ್ಟು ಜನ ಎಂದು ಬರೆದಿಲ್ಲ. ಆ ಖಾಲಿ ಜಾಗಕ್ಕೆ ವೆಗೇಟಿಯಸ್‌ನ ಅಂಕಿ ತುಂಬಿದಾಗಲೇ ಎಡವಟ್ಟಾಗುವುದು.

ಹಾಗಾದರೆ ಆಗಿನ ಲೀಜನ್ ಎಷ್ಟು ದೊಡ್ಡದು? ಇದಕ್ಕೆ ಒಬ್ಬ ಪ್ರತ್ಯಕ್ಷ ಸಾಕ್ಷಿ ಇದ್ದಾನೆ. 359ರಲ್ಲಿ ಪರ್ಷಿಯಾದ ದೊರೆ ಎರಡನೇ ಶಾಪುರ್ ಅಮಿಡಾ ಪಟ್ಟಣಕ್ಕೆ ಮುತ್ತಿಗೆ ಹಾಕಿದ. ಅದು ಇಂದಿನ ಟರ್ಕಿಯ ದಿಯಾರ್‌ಬಕಿರ್. ಕೋಟೆಯೊಳಗೆ ಸಿಕ್ಕಿಕೊಂಡವರಲ್ಲಿ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್ ಕೂಡ ಒಬ್ಬ. ಆತ ಸ್ವತಃ ಸೇನಾಧಿಕಾರಿ. ಒಳಗೆ ಏಳು ಲೀಜನ್, ಬೇರೆ ಕೆಲವು ಸೈನಿಕರು, ಊರಿನ ಗಂಡಸರು ಹೆಂಗಸರು, ಹೊರಗಿನಿಂದ ಬಂದು ಸಿಕ್ಕಿಕೊಂಡವರು, ಎಲ್ಲ ಸೇರಿ ಇಪ್ಪತ್ತು ಸಾವಿರ ಜನ ಇದ್ದರು ಎಂದು ಆತ ಬರೆಯುತ್ತಾನೆ. (ಹಸ್ತಪ್ರತಿಯ ಈ ಅಂಕಿಯ ಬಗ್ಗೆ ಚರ್ಚೆ ಇದೆ, ಸಾಮಾನ್ಯವಾಗಿ ಒಪ್ಪುವ ಪಾಠ ಇದು.) ಆರು ಸಾವಿರದ ಲೆಕ್ಕ ಹಿಡಿದರೆ ಸೈನಿಕರೇ 42 ಸಾವಿರ ಆಗಬೇಕಿತ್ತು. ಲೀಜನ್‌ಗೆ ಸುಮಾರು ಒಂದು ಸಾವಿರ, ಹೆಚ್ಚೆಂದರೆ ಒಂದೂವರೆ ಸಾವಿರ ಎಂದು ಹಿಡಿದರೆ ಮಾತ್ರ ಅಮ್ಮಿಯಾನಸ್‌ನ ಮಾತು ತಾಳೆಯಾಗುತ್ತದೆ.

ಇನ್ನೊಂದು ಸಾಕ್ಷಿ ಗ್ರೀಕ್ ಇತಿಹಾಸಕಾರ ಜೋಸಿಮಸ್‌ನದು. 409ರಲ್ಲಿ ರೋಮ್ ನಗರದ ರಕ್ಷಣೆಗೆಂದು ಡಾಲ್ಮೇಶಿಯಾದಿಂದ ಐದು ತುಕಡಿಗಳನ್ನು ಕರೆಸಲಾಯಿತು. ಒಟ್ಟು ಆರು ಸಾವಿರ ಜನ, ಅಂದರೆ ತುಕಡಿಗೆ 1,200. ಹಿಂದೆ ಒಂದೇ ಲೀಜನ್‌ನಲ್ಲಿ ಇರುತ್ತಿದ್ದಷ್ಟು ಜನ ಈಗ ಐದು ತುಕಡಿಗಳಾಗಿದ್ದರು. ದಾರಿಯಲ್ಲೇ ಅಲಾರಿಕ್‌ನ ಗಾಥ್ ಸೇನೆ ಅವರ ಮೇಲೆ ಬಿದ್ದು ಬಹುತೇಕ ಎಲ್ಲರನ್ನೂ ಮುಗಿಸಿತು.

ಕೋಟೆಗಳ ಅಳತೆಯೂ ಇದನ್ನೇ ಹೇಳುತ್ತದೆ. ವೇಲ್ಸ್‌ನ ಕಾರ್ಲಿಯನ್‌ನಲ್ಲಿರುವ ಹಳೆಯ ಲೀಜನ್ ಕೋಟೆ ಸುಮಾರು 50 ಎಕರೆ. 300ರ ಸುಮಾರಿಗೆ ಇಂದಿನ ಜೋರ್ಡಾನ್‌ನಲ್ಲಿ ಕಟ್ಟಿದ ಎಲ್-ಲಜ್ಜೂನ್ ಕೋಟೆ 11 ಎಕರೆಯ ಆಸುಪಾಸು. ಅದೂ ಲೀಜನ್‌ನ ಕೋಟೆಯೇ. ಆ ಜಾಗದ ಹೆಸರಿನಲ್ಲೇ 'ಲೀಜನ್' ಎಂಬ ಪದ ಅಡಗಿ ಕೂತಿದೆ.

ಲೀಜನ್ ಕುಗ್ಗಿದ್ದು ಒಂದೇ ದಿನದಲ್ಲಲ್ಲ. ದೂರದ ಯುದ್ಧಕ್ಕೆ ಪೂರ್ತಿ ಲೀಜನ್ ಕಳಿಸಿದರೆ ಗಡಿ ಖಾಲಿಯಾಗುತ್ತದೆಂದು ಒಂದೆರಡು ಸಾವಿರ ಜನರನ್ನಷ್ಟೇ ಬೇರ್ಪಡಿಸಿ ಕಳಿಸುವುದು ರೂಢಿ. ಮೂರನೇ ಶತಮಾನದ ಗಲಾಟೆಯಲ್ಲಿ ಹೀಗೆ ಹೋದ ಎಷ್ಟೋ ತುಕಡಿಗಳು ವಾಪಸು ಬರಲೇ ಇಲ್ಲ. ಹೋದಲ್ಲೇ ನೆಲೆ ನಿಂತವು, ಹಳೆಯ ಹೆಸರನ್ನೇ ಇಟ್ಟುಕೊಂಡವು. ಮನೆ ಪಾಲಾದರೂ ಅಣ್ಣತಮ್ಮಂದಿರೆಲ್ಲ ಅದೇ ಮನೆತನದ ಹೆಸರು ಹೇಳಿಕೊಂಡ ಹಾಗೆ. ಐದನೇ ಮ್ಯಾಸಿಡೋನಿಕಾ ಲೀಜನ್ ನೊಟಿಶಿಯಾದಲ್ಲಿ ಡ್ಯಾನ್ಯೂಬ್ ದಂಡೆಯ ಹಲವು ಕೋಟೆಗಳಲ್ಲಿದೆ, ಪೂರ್ವದ ಸಂಚಾರಿ ಸೇನೆಯಲ್ಲಿದೆ, ಈಜಿಪ್ಟಿನ ಮೆಂಫಿಸ್‌ನಲ್ಲೂ ಇದೆ. ಇದರ ಜೊತೆಗೆ ಡಯೊಕ್ಲೀಶಿಯನ್ (284–305) ಹೊಸ ಲೀಜನ್‌ಗಳನ್ನೂ ಕಟ್ಟಿದ.

ಹಾಗೆಂದು ಸೇನೆಯೇ ಕುಗ್ಗಿಹೋಯಿತು ಎಂದು ಇನ್ನೊಂದು ಫಾರ್ವರ್ಡ್ ಮಾಡಬೇಡಿ! ಡಯೊಕ್ಲೀಶಿಯನ್ ಕಾಲದ ಭೂಸೇನೆ 3,89,704, ನೌಕಾಪಡೆ 45,562 ಎಂದು ಆರನೇ ಶತಮಾನದ ಅಧಿಕಾರಿ ಜಾನ್ ಲಿಡಸ್ ಬರೆದಿಟ್ಟಿದ್ದಾನೆ. ಬಿಡಿ ಅಂಕಿಯವರೆಗೆ ಇರುವುದು ನೋಡಿದರೆ ಯಾವುದೋ ಕಚೇರಿ ಕಡತದಿಂದ ಎತ್ತಿಕೊಂಡಂತೆ ನಮಗೆ ಅನ್ನಿಸುತ್ತದೆ. ಸೇನೆ ದೊಡ್ಡದೇ, ಆದರೆ ಹತ್ತು ಲಕ್ಷವಲ್ಲ.

ಲೀಜನ್ ಚಿಕ್ಕದಾದಂತೆ ಹುದ್ದೆಗಳೂ ಬದಲಾದವು. ಹಿಂದೆ ಲೀಜನ್‌ನ ಮುಖ್ಯಸ್ಥ ಸೆನೆಟ್ ಸಭೆಯ ಸದಸ್ಯ. ಅವನ ಕೆಳಗೆ ಆರು ಟ್ರಿಬ್ಯೂನ್‌ಗಳು, ಅರವತ್ತರ ಹತ್ತಿರ ಸೆಂಚುರಿಯನ್‌ಗಳು. 260ರ ದಶಕದಲ್ಲಿ ಚಕ್ರವರ್ತಿ ಗ್ಯಾಲಿಯೆನಸ್ ಸೆನೆಟ್ ಸದಸ್ಯರನ್ನು ಸೇನೆಯಿಂದ ದೂರವಿಟ್ಟ. ಆಮೇಲೆ ಗಡಿ ಲೀಜನ್‌ಗೆ ಪ್ರಿಫೆಕ್ಟ್, ಸಂಚಾರಿ ಸೇನೆಯ ಲೀಜನ್‌ಗೆ ಟ್ರಿಬ್ಯೂನ್ ಮುಖ್ಯಸ್ಥ.

ಕೆಳಗಿನ ಮೆಟ್ಟಿಲುಗಳು ನಮಗೆ ತಿಳಿದಿರುವುದು ಸಂತ ಜೆರೋಮ್‌ನಿಂದ. 397ರ ಸುಮಾರಿಗೆ ಒಂದು ಧಾರ್ಮಿಕ ವಾದದ ನಡುವೆ ಆತ ಉದಾಹರಣೆ ಕೊಡುತ್ತಾನೆ: ಟ್ರಿಬ್ಯೂನ್ ತಪ್ಪು ಮಾಡಿದರೆ ಒಂದೇ ಸಲಕ್ಕೆ ಹೊಸ ರಂಗರೂಟ್ ಆಗುವುದಿಲ್ಲ, ಒಂದೊಂದೇ ಮೆಟ್ಟಿಲು ಇಳಿಯುತ್ತಾನೆ. ಕೆಳಗಿನಿಂದ ಹತ್ತುವುದಾದರೆ ಆ ಮೆಟ್ಟಿಲುಗಳು ಟೈರೊ, ಎಕ್ವೆಸ್, ಸರ್ಕಿಟರ್, ಬಿಯಾರ್ಕಸ್, ಸೆಂಟಿನೇರಿಯಸ್, ಡುಸಿನೇರಿಯಸ್, ಸೆನೇಟರ್, ಪ್ರಿಮಿಸೀರಿಯಸ್, ಕೊನೆಗೆ ಟ್ರಿಬ್ಯೂನ್. ಸರ್ಕಿಟರ್ ಎಂದರೆ ಮೂಲದಲ್ಲಿ ಕಾವಲುಗಾರರು ಎಚ್ಚರವಾಗಿದ್ದಾರೋ ಎಂದು ಸುತ್ತು ಹೊಡೆದು ನೋಡುವವನು. ಪ್ರಿಮಿಸೀರಿಯಸ್ ಎಂದರೆ ಮೇಣದ ಹಲಗೆಯ ಹಾಜರಿಪಟ್ಟಿಯಲ್ಲಿ ಮೊದಲ ಹೆಸರಿನವನು. ಇಲ್ಲಿನ 'ಸೆನೇಟರ್' ಸೈನಿಕನೇ ಹೊರತು ಸೆನೆಟ್ ಸಭೆಯವನಲ್ಲ.

ಇದು ಕುದುರೆ ಪಡೆಯ ಪಟ್ಟಿ. ಲೀಜನ್‌ಗಳು ಹಳೆಯ ಹೆಸರುಗಳನ್ನು ಅಷ್ಟು ಬೇಗ ಬಿಡಲಿಲ್ಲ. ಟರ್ಕಿಯ ಪೆರ್ಗೆಯಲ್ಲಿ ಚಕ್ರವರ್ತಿ ಅನಸ್ತಾಸಿಯಸ್‌ನ (491–518) ಆಜ್ಞೆ ಕೆತ್ತಿದ ಕಲ್ಲಿನ ಚೂರುಗಳು ಸಿಕ್ಕಿವೆ. ಒಂದು ಲೀಜನ್‌ನ ಹುದ್ದೆಗಳು, ಪ್ರತಿ ಹುದ್ದೆಯಲ್ಲಿ ಎಷ್ಟು ಜನ, ಅವರಿಗೆ ಸಂಬಳವೆಷ್ಟು ಎಂಬುದೆಲ್ಲ ಅದರಲ್ಲಿದೆ. ಬೇರೆ ಬೇರೆ ಕಹಳೆ, ಕೊಂಬು ಊದುವವರನ್ನೂ ಅಲ್ಲಿ ಪ್ರತ್ಯೇಕವಾಗಿ ಎಣಿಸಿದ್ದಾರೆ.