ಸಡ್ಬರಿಯ ತಾಮ್ರ-ನಿಕ್ಕಲ್ ಅದಿರು: ಕಾಲ ಮತ್ತು ಮೂಲದ ಶೋಧ

ಕೆನಡಾದ ಆಂಟಾರಿಯೊ ಪ್ರಾಂತ್ಯದ ಸಡ್ಬರಿ, ಶಿಲಾಪಾಕದಿಂದ ಹುಟ್ಟಿದ ತಾಮ್ರ-ನಿಕ್ಕಲ್ ನಿಕ್ಷೇಪಗಳಲ್ಲಿ ಜಗತ್ಪ್ರಸಿದ್ಧ. 1856ರಲ್ಲೇ ಇಲ್ಲಿ ಭೂಮಾಪಕರ ದಿಕ್ಸೂಚಿಯ ಮುಳ್ಳು ಅಸಹಜವಾಗಿ ವಾಲಿತ್ತು. ಅಲ್ಲಿಂದ ತಂದ ಕಲ್ಲಿನಲ್ಲಿ ಎರಡೂ ಲೋಹಗಳಿದ್ದುದು ದಾಖಲಾಯಿತು. ಆದರೂ ಗಣಿಗಾರಿಕೆಗೆ ದಾರಿಯಾದದ್ದು 1883ರಲ್ಲಿ, ಕೆನಡಿಯನ್ ಪೆಸಿಫಿಕ್ ರೈಲುಮಾರ್ಗಕ್ಕಾಗಿ ಬಂಡೆ ಕಡಿದಾಗ ಅದಿರು ಕಣ್ಣಿಗೆ ಬಿದ್ದ ಮೇಲೆ.

ಅದಿರು ಬಂದದ್ದೆಲ್ಲಿಂದ ಎಂಬ ವಾದ ಅಂದೇ ಶುರುವಾಯಿತು. ಕರಗಿದ ಶಿಲೆಯಲ್ಲಿ ಗಂಧಕ ಮಿತಿಮೀರಿದರೆ ಸಲ್ಫೈಡ್ ದ್ರವ ನೀರಿನಿಂದ ಎಣ್ಣೆ ಬೇರ್ಪಟ್ಟಂತೆ ಬೇರ್ಪಡುತ್ತದೆ. ತಾಮ್ರ, ನಿಕ್ಕಲ್‌ಗಳನ್ನು ಸೆಳೆದುಕೊಂಡು ಭಾರದಿಂದ ತಳಕ್ಕಿಳಿಯುತ್ತದೆ. ಅದಿರು ಹೀಗೆಯೇ ಆಯಿತೆಂದು ಒಂದು ಪಕ್ಷ ವಾದಿಸಿತು. ಬಿಸಿ ದ್ರಾವಣಗಳು ಆಮೇಲೆ ತಂದು ತುಂಬಿದವೆಂದು ಇನ್ನೊಂದು. 1964ರಲ್ಲಿ ರಾಬರ್ಟ್ ಡೀಟ್ಸ್ ವಾದದ ದಿಕ್ಕನ್ನೇ ಬದಲಿಸಿದರು. ಬಂಡೆಗಳಲ್ಲಿನ ಶಂಕುವಿನಾಕಾರದ ಸೀಳುಗಳನ್ನು ತೋರಿಸಿ, ಸಡ್ಬರಿ ಆಕಾಶಕಾಯವೊಂದರ ಹೊಡೆತದ ಗುರುತು ಎಂದರು. ಲೋಹವೂ ಅದರೊಡನೆಯೇ ಬಂದಿರಬಹುದೆಂಬ ಅವರ ಊಹೆ ಮಾತ್ರ ಉಳಿಯಲಿಲ್ಲ.

ಕಾಲನಿರ್ಣಯ ಸುಲಭವಿರಲಿಲ್ಲ. ಸಲ್ಫೈಡ್ ಖನಿಜಗಳಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅದಿರಿಗೆ ಆಶ್ರಯವಾದ ನೋರೈಟ್ ಶಿಲೆಯ ಜಿರ್ಕಾನ್ ಹರಳುಗಳನ್ನು ಹಿಡಿಯಬೇಕಾಯಿತು. ಜಿರ್ಕಾನ್ ಬೆಳೆಯುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಹಾಗಾಗಿ ಒಳಗೆ ಸಿಗುವ ಸೀಸ ಹೆಚ್ಚುಕಡಿಮೆ ಪೂರ್ತಿ ಯುರೇನಿಯಂ ಕ್ಷಯಿಸಿ ಆದದ್ದು, ಕಾಲದ ಗಳಿಕೆ. ಯುರೇನಿಯಂ-238 ಮತ್ತು 235 ಬೇರೆಬೇರೆ ವೇಗದಲ್ಲಿ ಕ್ಷಯಿಸುವುದರಿಂದ ಒಂದೇ ಹರಳು ಎರಡು ಲೆಕ್ಕ ಕೊಡುತ್ತದೆ. ಎರಡೂ ತಾಳೆಯಾದರೆ ವಯಸ್ಸನ್ನು ನಂಬಬಹುದು. ತಾಳೆಯಾಗದಿರುವುದೇ ಹೆಚ್ಚು, ಏಕೆಂದರೆ ವಿಕಿರಣದಿಂದ ಹಾಳಾದ ಭಾಗಗಳಿಂದ ಸೀಸ ಸೋರಿಹೋಗಿರುತ್ತದೆ. ಟಾಮ್ ಕ್ರೋ ಹರಳಿನ ಅಂಥ ಹಾಳಾದ ಹೊರಭಾಗವನ್ನು ಗಾಳಿಯ ರಭಸದಲ್ಲಿ ಉಜ್ಜಿ ತೆಗೆಯುವ ವಿಧಾನವನ್ನು 1982ರಲ್ಲಿ ಪ್ರಕಟಿಸಿದರು. ಉಪಾಯ ಸರಳ, ಪ್ರಾಚೀನ ಶಿಲೆಗಳ ಕಾಲಗಣನೆಗೆ ಅದು ಕೊಟ್ಟ ನಿಖರತೆ ಅಸಾಧಾರಣವಾದುದು. 1984ರಲ್ಲಿ ಕ್ರೋ ಮತ್ತು ಸಂಗಡಿಗರು ಸಡ್ಬರಿಯ ವಯಸ್ಸು ಸುಮಾರು 185 ಕೋಟಿ ವರ್ಷ ಎಂದು ತಿಳಿಸಿದರು. 2008ರಲ್ಲಿ ಡೊನಾಲ್ಡ್ ಡೇವಿಸ್ ಪ್ರಕಟಿಸಿದ ಅಳತೆಯಲ್ಲಿ ಅನಿಶ್ಚಿತತೆ 10 ಲಕ್ಷ ವರ್ಷಕ್ಕೂ ಕಡಿಮೆ.

ಮೂಲದ ಪ್ರಶ್ನೆಗೆ ಉತ್ತರ ಅದಿರಿನೊಳಗೇ ಇತ್ತು. ರೀನಿಯಂ-187 ಕ್ಷಯಿಸಿ ಆಸ್ಮಿಯಂ-187 ಆಗುತ್ತದೆ. ಭೂಮಿಯ ಹೊರಚಿಪ್ಪಿನಲ್ಲಿ ಆಸ್ಮಿಯಂಗೆ ಹೋಲಿಸಿದರೆ ರೀನಿಯಂ ಹೆಚ್ಚು. ಹಳೆಯ ಚಿಪ್ಪಿನ ಆಸ್ಮಿಯಂನಲ್ಲಿ 187ರ ಪಾಲು ದೊಡ್ಡದಾಗುತ್ತ ಹೋಗುತ್ತದೆ. 1990ರ ದಶಕದ ಆರಂಭದ ವಿಶ್ಲೇಷಣೆಗಳಲ್ಲಿ ಸಡ್ಬರಿಯ ಸಲ್ಫೈಡ್ ಈ ಗುರುತನ್ನು ಢಾಳಾಗಿ ತೋರಿತು. ಹೊಡೆತಕ್ಕೆ ಚಿಪ್ಪೇ ಕರಗಿ, ಅಲ್ಲಿದ್ದ ಲೋಹವೇ ಬಹುಮಟ್ಟಿಗೆ ಅದಿರಾಗಿ ಕೂಡಿಕೊಂಡಿತ್ತು.

ಇದೇ ಬಗೆಯ ಎಲ್ಲ ನಿಕ್ಷೇಪಗಳಿಗೂ ಈ ಹುಟ್ಟು ಸಲ್ಲದು. ಸುಮಾರು 25 ಕೋಟಿ ವರ್ಷ ಹಳೆಯ ಸೈಬೀರಿಯದ ನೊರಿಲ್ಸ್ಕ್‌ನಲ್ಲಿ ಶಿಲಾಪಾಕ ಆಳದ ಮ್ಯಾಂಟಲ್‌ನಿಂದ ಬಂತು. ಅಲ್ಲಿನ ಅದಿರಿನ ಗಂಧಕದಲ್ಲಿ ಭಾರದ ಐಸೊಟೋಪ್ ಹೆಚ್ಚಿದೆ. ಶಿಲಾಪಾಕ ಮೇಲೇರುವ ದಾರಿಯಲ್ಲಿ ಗಂಧಕವುಳ್ಳ ಆನ್‌ಹೈಡ್ರೈಟ್ ಪದರಗಳನ್ನು ಕರಗಿಸಿಕೊಂಡಿತೆಂಬುದಕ್ಕೆ ಅನೇಕ ಸಂಶೋಧಕರು ಇದನ್ನೇ ಸಾಕ್ಷಿಯಾಗಿ ಕೊಡುತ್ತಾರೆ.